ಬಯಲಲ್ಲಿ ಕುಣಿಸುವ ನೌಕರಿ

ನೌಕರಿಯ ಆದೇಶ ಕೈಗೆ ಬಂದ ದಿನ ನಮ್ಮ ಅವ್ವ ಕೇಳಿದಳು: "ಏನವಾ ಜುಬೇದಾ, ಮಂದಿ ಕುಣಿಯೂದನ್ನ ನೋಡಾಕ ಸರಕಾರ ನಿನಗ ಪಗಾರ ಕೊಡ್ತೈತೇನ?"

"ನೋಡಾಕ ಅಲ್ಲಬೇ, ಕುಣಿಸಾಕ" ಎಂದೆ.

"ಹಂಗಂದ್ರ ಇನ್ನೂ ಕೆಟ್ಟಾತು" ಎಂದು ಅವ್ವ ರೊಟ್ಟಿ ಬಡಿಯಲು ಒಳಗೆ ಹೋದಳು.

ಆಕೆಯ ತಪ್ಪಲ್ಲ. ಸವಣೂರಿನ ನಮ್ಮ ಓಣಿಯಲ್ಲಿ ಸರಕಾರಿ ನೌಕರಿ ಎಂದರೆ ಶಾಲೆ, ಕೋರ್ಟು, ಪಂಚಾಯತಿ, ಇಷ್ಟೇ. ನನಗೆ ಸಿಕ್ಕಿದ್ದು ಸಂಸ್ಕೃತಿಯ ಕಚೇರಿ. ಪ್ರತಿ ವರ್ಷ ಬೇಸಿಗೆ ಬಂತೆಂದರೆ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಈ ನಾಲ್ಕೂ ಕಡೆ ಬಯಲಿನಲ್ಲಿ ಸಂಜೆಯ ಹಾಡು-ಕುಣಿತದ ಕಾರ್ಯಕ್ರಮ ಏರ್ಪಡಿಸುವುದು ನನ್ನ ಕೆಲಸ. ಜನರಿಗೆ ಪುಕ್ಕಟೆ. ಒಂದು ಸಂಜೆ ಪಂಜಾಬದವರು, ಇನ್ನೊಂದು ಸಂಜೆ ನಾಗಾಲ್ಯಾಂಡದವರು, ಮತ್ತೊಂದು ಸಂಜೆ ನಮ್ಮದೇ ತಾಂಡಾಗಳ ಲಂಬಾಣಿ ಹೆಣ್ಣುಮಕ್ಕಳು, ಯಲ್ಲಾಪುರದ ಕಾಡಿನ ಕಡೆಯಿಂದ ಸಿದ್ದಿಯರು. ಈಚೆಗೆ ಇದೇ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಮನೆಗೆ ಬಂದು, "ಮೇಡಂ, ಈ ಕೆಲಸದಾಗ ಖರೇ ಖರೇ ಏನ್ ಇರತೈತ್ರಿ?" ಎಂದು ಕೇಳಿದಳು. ಚಹಾ, ಸವಣೂರ ಖಾರಾ ಮುಂದಿಟ್ಟು ಹೇಳಲು ಕುಳಿತೆ. ಖಾರಾ ಮುಗಿದರೂ ಮಾತು ಮುಗಿಯಲಿಲ್ಲ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬಡ್ತಿಯ ಸಂಗತಿ ಬರೆಯುವುದಿಲ್ಲ. ಅದು ತಡವಾಗಿ ಬಂತು, ಬಂದಾಗ ಏನೂ ಬದಲಾಗಲಿಲ್ಲ.

ನನ್ನ ಮೊದಲ ಕಾರ್ಯಕ್ರಮ ಶಿಗ್ಗಾಂವಿಯಲ್ಲಿ. ಪಂಜಾಬದ ಭಾಂಗ್ಡಾ ತಂಡ. ದೊಡ್ಡ ದೊಡ್ಡ ಪೇಟ, ದೊಡ್ಡ ದೊಡ್ಡ ಆಳು. ನಾನು ಉತ್ಸಾಹದಿಂದ ಆಟೊಕ್ಕೆ ಮೈಕು ಕಟ್ಟಿಸಿ, ಊರೆಲ್ಲ ಕೂಗಿಸಿದೆ: "ಪುಕ್ಕಟೆ! ಪುಕ್ಕಟೆ! ಎಲ್ಲರೂ ಬನ್ನಿರಿ!" ಮೈಕಿನವನು ಬಂಕಾಪುರದ ಮಾಬುಸಾಬ. ಮುಂದೆ ನನ್ನ ಇಡೀ ನೌಕರಿಯುದ್ದಕ್ಕೂ ಧ್ವನಿವರ್ಧಕ ಹಾಕಿದವನು ಅವನೇ.

ಸಂಜೆ ಮೈದಾನದಲ್ಲಿ ಇದ್ದದ್ದು ನಾನು, ಮಾಬುಸಾಬ, ಭಾಂಗ್ಡಾದವರು ಮತ್ತು ಒಂದು ಎಮ್ಮೆ.

ಕಂಗಾಲಾಗಿ ಪಕ್ಕದ ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರನ್ನು ಕೇಳಿದೆ. "ಯಾಕ್ರಿ ಯಜಮಾನ್ರ, ಕಾರ್ಯಕ್ರಮಕ್ಕ ಯಾರೂ ಬರವಲ್ರಲ್ಲ?"

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಮೊದಲ ನೀವು ಹೇಳ್ರಿ ಬಾಯಾರ. ಏನ್ ಮಾರ್ತೀರಿ?" ಎಂದರು.

"ಏನೂ ಮಾರೂದಿಲ್ಲರಿ. ಪುಕ್ಕಟೆ ಕುಣಿತ ಐತಿ."

"ಹೋದ ತಿಂಗಳ ಒಬ್ಬಾಂವ ಪುಕ್ಕಟೆ ಜಾದು ಅಂತ ಕರದು ಎಲ್ಲಾರ ಕೊರಳಿಗೆ ಕುಕ್ಕರ್ ಕಟ್ಟಿ ಕಳಿಸ್ಯಾನ. ಪುಕ್ಕಟೆ ಅಂದ್ರ ನಮ್ಮ ಊರಾಗ ಈಗ ಬಾಗಲಾ ಹಾಕ್ಕೋತಾರ."

ನಾನು ಓಡಿ ಬಂದು ಮಾಬುಸಾಬನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡ. ಆಮೇಲೆ ಆಟೊ ಹತ್ತಿ ಮತ್ತೊಂದು ಸುತ್ತು ಹೊಡೆದ. ಈ ಸಲ ಅವನು ಪುಕ್ಕಟೆಯ ಮಾತೇ ಎತ್ತಲಿಲ್ಲ. "ಜಾಗಾ ಭಾಳ ಕಡಿಮಿ ಐತಿ! ಮುಂದಿನ ಸಾಲು ಹೆಣ್ಮಕ್ಕಳಿಗೆ ಮಾತ್ರ! ತಡಾ ಮಾಡಿ ಬಂದವರು ಆಮ್ಯಾಲ ನಮ್ಮನ್ನ ಬೈಬ್ಯಾಡ್ರಿ!"

ಆ ವಿಶಾಲ ಬಯಲಿನಲ್ಲಿ ಅವನು ಜಾಗ ಕಡಿಮೆ ಎಂದು ಕೂಗಿದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ಆದರೆ ಆಟೊ ತಿರುಗಿ ಬರುವುದರೊಳಗೆ ಹೆಣ್ಣುಮಕ್ಕಳು ಚಾಪೆ ಹಿಡಿದು ಬರತೊಡಗಿದ್ದರು. ಅವರ ಹಿಂದೆ ಗಂಡಸರು. ಕಟ್ಟೆಯ ಮೇಲಿನ ಯಜಮಾನರೂ ಬಂದರು, ಅಂಗಿಯ ಕಿಸೆಯನ್ನು ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು. ಕಾರ್ಯಕ್ರಮ ಮುಗಿಯುವತನಕ ಕೈ ತೆಗೆಯಲಿಲ್ಲ. ಕುಕ್ಕರ್ ಬರಲಿಲ್ಲವೆಂದು ಖಾತ್ರಿಯಾದ ಮೇಲೆ ಎದ್ದು ನಿಂತು ಚಪ್ಪಾಳೆ ಹೊಡೆದರು.

ಇನ್ನು ನನ್ನ ಮೇಲಧಿಕಾರಿಯ ವಿಷಯ. ಅಂಗಡಿ ಸಾಹೇಬರು ಧಾರವಾಡದ ಕಡೆಯವರು, ಸಜ್ಜನರು. ಒಂದು ಕೈವಸ್ತ್ರ ಒರೆಸಿಕೊಳ್ಳಲು, ಇನ್ನೊಂದು ಕುರ್ಚಿಯ ಮೇಲೆ ಹಾಸಿಕೊಳ್ಳಲು ಇಟ್ಟುಕೊಳ್ಳುವಷ್ಟು ಅಚ್ಚುಕಟ್ಟು. ಅವರಿಗೆ ಬಯಲು ಎಂದರೆ ಆಗುತ್ತಿರಲಿಲ್ಲ. ಧೂಳು, ನಾಯಿ, ಹುಡುಗರ ಸಿಳ್ಳೆ. "ಜುಬೇದಾ, ಇದನ್ನೆಲ್ಲಾ ಜಿಲ್ಲಾ ಕೇಂದ್ರದಾಗ ಒಂದ ಛಲೋ ಸಭಾಂಗಣದೊಳಗ ಮಾಡೂಣು. ಫ್ಯಾನು, ಮೆತ್ತನ್ನ ಕುರ್ಚಿ, ಆಮಂತ್ರಣ ಇದ್ದವರಿಗೆ ಅಷ್ಟ ಪ್ರವೇಶ" ಎಂದು ಪ್ರತಿ ವರ್ಷ ಹೇಳುತ್ತಿದ್ದರು. ನಾನು ಪ್ರತಿ ವರ್ಷ, "ಮುಂದಿನ ವರ್ಷ ನೋಡೂಣ್ರಿ ಸರ್" ಎನ್ನುತ್ತಿದ್ದೆ.

ಅವರಿಗೆ ಆಗುತ್ತಿದ್ದದ್ದು ಒಂದೇ: ಭಾಷಣ. ಸ್ವಾಗತವಾಗಿ, ದೀಪವಾಗಿ, ಊರ ಹಿರಿಯರ ಸನ್ಮಾನವಾಗಿ, ಕೊನೆಗೆ ಸಾಹೇಬರು ಎದ್ದು ಸಂಸ್ಕೃತಿ ಎಂದರೇನು ಎಂದು ಶುರುಮಾಡಿದರೆ, ವೇದಿಕೆಯ ಹಿಂದೆ ಗೆಜ್ಜೆ ಕಟ್ಟಿ ಕುಳಿತವರು ಗೆಜ್ಜೆ ಬಿಚ್ಚಿ ಒಂದು ನಿದ್ದೆ ಮಾಡಿ ಏಳುತ್ತಿದ್ದರು. ಭಾಷಣ ಮುಗಿದದ್ದೇ ಸಾಹೇಬರು ಜೀಪು ಹತ್ತಿ ಹೊರಟುಬಿಡುತ್ತಿದ್ದರು. ಕುಣಿತವನ್ನು ಅವರು ನೋಡಿದ್ದೇ ಇಲ್ಲ. ಅದು ನನಗೆ ತಿಳಿದದ್ದು ಹಿರೇಕೆರೂರಿನಲ್ಲಿ.

ಅಲ್ಲಿಗೆ ನಾಗಾಲ್ಯಾಂಡದ ತಂಡ ಬಂದಿತ್ತು. ಮಧ್ಯಾಹ್ನ ಊಟಕ್ಕೆ ಕುಳಿತಾಗ ಊಟ ಹಾಕಿಸಿದ ಊರ ಪ್ರಮುಖರು ಹೆಮ್ಮೆಯಿಂದ ಒಂದು ತಾಟಿನ ತುಂಬ ಬ್ಯಾಡಗಿ ಮೆಣಸಿನಕಾಯಿ ತಂದಿಟ್ಟರು. "ಇವರಿಗೆ ಹೇಳ್ರಿ ಮೇಡಂ, ಇದು ನಮ್ಮ ಜಿಲ್ಲಾದ ಬಂಗಾರ. ಜ್ವಾಕಿ ಅನ್ರಿ, ಖಾರ ಐತಿ." ನಾನು ಹಿಂದಿಯಲ್ಲಿ ಹೇಳಿದೆ. ತಂಡದ ಮುಖ್ಯಸ್ಥ ಒಂದು ಕಾಯಿ ತೆಗೆದು ಬಾಯಿಗೆ ಹಾಕಿಕೊಂಡ. ಇನ್ನೊಂದು. ಮತ್ತೊಂದು. ಹುರಿದ ಶೇಂಗಾ ತಿಂದಂತೆ ತಿಂದು ಬಹಳ ವಿನಯದಿಂದ, "ಬಣ್ಣ ತುಂಬಾ ಚೆನ್ನಾಗಿದೆ" ಎಂದ.

ನಾನು ಅನುವಾದ ಮಾಡಿದೆ. ಪ್ರಮುಖರ ಮುಖ ಮೆಣಸಿನಕಾಯಿಗಿಂತ ಕೆಂಪಾಯಿತು.

ಆತ ತನ್ನ ಚೀಲದಿಂದ ಚಿಕ್ಕ ಡಬ್ಬಿ ತೆಗೆದ. ಒಳಗೆ ಬೆರಳ ತುದಿಯಷ್ಟು ಸುಕ್ಕುಗಟ್ಟಿದ ಕಾಯಿಗಳು. "ಇದು ನಮ್ಮೂರಿನದು. ಹಿರಿಯರಿಗೆ ಮೊದಲು ಕೊಡುವುದು ನಮ್ಮ ಪದ್ಧತಿ. ಚೂರೇ ಚೂರು" ಎಂದು ಸಾಹೇಬರ ಮುಂದೆ ಹಿಡಿದ. ನಾನು ಇದ್ದದ್ದನ್ನು ಇದ್ದಂತೆಯೇ ಹೇಳಿದೆ. ಚೂರೇ ಚೂರು ಎಂಬುದನ್ನೂ ಹೇಳಿದೆ. ಆದರೆ ಪ್ರಮುಖರು, "ಸಾಹೇಬ್ರ, ನಮ್ಮ ಜಿಲ್ಲಾದ ಮಾನ ನಿಮ್ಮ ಕೈಯಾಗ ಐತ್ರಿ" ಎಂದುಬಿಟ್ಟರು. ಸಾಹೇಬರು ಜಿಲ್ಲೆಯ ಮಾನವನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡು ಅಗಿದರು.

ಮೊದಲು ಏನೂ ಆಗಲಿಲ್ಲ. ಸಾಹೇಬರು ಗೆದ್ದವರಂತೆ ಸುತ್ತ ನೋಡಿದರು. ಆಮೇಲೆ ಅವರ ಕಿವಿ ಅಲುಗಾಡಿತು. ಕಣ್ಣಲ್ಲಿ ನೀರು, ಮೂಗಲ್ಲಿ ನೀರು. ಎರಡೂ ಕೈವಸ್ತ್ರ ಸಾಲದೆ ನನ್ನ ಸೆರಗಿಗೆ ಕೈಹಾಕಿದರು. ಬೆಲ್ಲ ಕೊಟ್ಟೆವು, ಮೊಸರು ಕೊಟ್ಟೆವು, ಬೆಣ್ಣೆ ಕೊಟ್ಟೆವು. ಸಂಜೆಯಾದರೂ ಅವರ ಗಂಟಲಿನಿಂದ ಸಪ್ಪಳ ಬರಲೊಲ್ಲದು.

"ಭಾಷಣಾ ಹೆಂಗ ಮಾಡ್ತೀರಿ ಸರ್?" ಎಂದು ಕೇಳಿದೆ. ಅವರು ಕೈಮಾಡಿ ಆಗುವುದಿಲ್ಲ ಎಂದರು. ವೇದಿಕೆಯ ಹಿಂದೆ ಮಾಬುಸಾಬ ಎರಡೂ ಕೈ ಎತ್ತಿ ದುವಾ ಮಾಡಿದ.

ಆ ಸಂಜೆ ನನ್ನ ನೌಕರಿಯಲ್ಲಿ ಮೊದಲ ಬಾರಿಗೆ ಕುಣಿತ ಹೇಳಿದ ಹೊತ್ತಿಗೆ ಶುರುವಾಯಿತು. ಜೀಪಿನ ಕುಲುಕಾಟ ಬಾಯುರಿಗೆ ತಾಳದೆಂದು ಸಾಹೇಬರು ಹೊರಡಲಿಲ್ಲ. ಮೊಸರಿನ ಗ್ಲಾಸು ಹಿಡಿದು ಮೊದಲ ಸಾಲಿನಲ್ಲಿ ಕುಳಿತರು. ನಾಗಾ ಯುವಕರು ಈಟಿ ಹಿಡಿದು ನೆಲ ನಡುಗುವಂತೆ ಹೆಜ್ಜೆ ಹಾಕಿ, ಒಕ್ಕೊರಲಿನಲ್ಲಿ ಕೂಗು ಹಾಕಿದಾಗ ಅವರ ಗ್ಲಾಸು ಬಾಯಿಯ ಹತ್ತಿರವೇ ನಿಂತುಬಿಟ್ಟಿತು. ಮುಗಿದ ಮೇಲೆ ನನ್ನನ್ನು ಕರೆದು ಕೀರಲು ದನಿಯಲ್ಲಿ ಕೇಳಿದರು: "ಜುಬೇದಾ, ಇದು ಎಲ್ಲಾ ವರ್ಷಾನೂ ಹಿಂಗ ಇರತೈತೇನು?"

"ಹೌದ್ರಿ ಸರ್. ನೀವು ಹೋದ ಮ್ಯಾಲ ಇರತೈತ್ರಿ."

ಇಷ್ಟಾದರೂ ಸಭಾಂಗಣದ ಆಸೆ ಅವರನ್ನು ಬಿಡಲಿಲ್ಲ. "ಇಂಥಾದ್ದು ಧೂಳಿನಾಗ ಆಗಬಾರದು. ಒಳಗ ಆಗಬೇಕು" ಎಂದು ಇನ್ನೂ ಜೋರು ಹಿಡಿದರು. ಮರುವರ್ಷದ ಯಲವಿಗಿ ಪ್ರಸಂಗ ಆ ಬೆಂಕಿಗೆ ತುಪ್ಪ ಸುರಿಯಿತು.

ಆ ವರ್ಷ ಸವಣೂರಿನ ಕಾರ್ಯಕ್ರಮಕ್ಕೆ ರಾಜಸ್ಥಾನದ ತಂಡ ಬರುವುದಿತ್ತು. ಹಾವೇರಿಯಲ್ಲಿ ಇಳಿಯಿರಿ ಎಂದು ನಾನು ಅವರಿಗೆ ಹೇಳಿದ್ದೆ. ಬೆಳಿಗ್ಗೆ ಹಾವೇರಿ ಸ್ಟೇಶನ್ನಿನಲ್ಲಿ ರೈಲು ಬಂತು, ಹೋಯಿತು. ತಂಡ ಇಳಿಯಲಿಲ್ಲ. ಫೋನು ಹಚ್ಚಿದರೆ ತಂಡದ ಮುಖ್ಯಸ್ಥ ಪಾಬೂಜಿ ಆನಂದದಲ್ಲಿ ಕೂಗಿದ. "ಮೇಡಂಜಿ, ಹಮ್ ಪಹುಂಚ್ ಗಯೇ! ಕ್ಯಾ ಸ್ವಾಗತ್ ಹೈ! ಹಾರ ಹಾಕಿದರು, ಆರತಿ ಎತ್ತಿದರು, ಈಗ ಸಿಹಿ ತಿನ್ನಿಸುತ್ತಿದ್ದಾರೆ!"

ನಮ್ಮ ಇಲಾಖೆ ಯಾರಿಗೂ ಆರತಿ ಎತ್ತಿದ್ದಿಲ್ಲ. ಪಕ್ಕದಲ್ಲಿದ್ದ ಯಾರಿಗಾದರೂ ಫೋನು ಕೊಡಿರಿ ಎಂದು ಊರು ಯಾವುದೆಂದು ಕೇಳಿದೆ. ಯಲವಿಗಿ ಎಂದರು.

ಆದದ್ದು ಇಷ್ಟು. ರೈಲಿನಲ್ಲಿ ಯಾರೋ ಪುಣ್ಯಾತ್ಮರು, ಸವಣೂರಿಗೆ ಹೋಗುವವರು ಯಲವಿಗಿಯಲ್ಲಿ ಇಳಿಯಬೇಕು ಎಂದಿದ್ದರು. ಅವರು ಹೇಳಿದ್ದು ಸರಿಯೇ, ಸವಣೂರಿಗೆ ಅದೇ ಹತ್ತಿರ. ತಂಡ ಇಳಿದಿದೆ. ಅದೇ ಹೊತ್ತಿಗೆ ಪ್ಲಾಟ್‌ಫಾರ್ಮಿನ ಮೇಲೆ ಯಲವಿಗಿಯ ಫಕ್ಕೀರಪ್ಪ ಎಂಬ ರೈತರು ಮಗಳ ಮದುವೆಗೆ ಹುಬ್ಬಳ್ಳಿಯಿಂದ ಬರಬೇಕಿದ್ದ ಬ್ಯಾಂಡಿನವರನ್ನು ಕಾಯುತ್ತ ನಿಂತಿದ್ದರು. ಕೆಂಪು ಪೇಟ, ಡೋಲು, ಗೆಜ್ಜೆ ನೋಡಿದರು. ಇನ್ನೇನು ಬೇಕು? ಹಾರ ಹಾಕಿ ಟ್ರ್ಯಾಕ್ಟರ್ ಹತ್ತಿಸಿಕೊಂಡು ಹೋದರು. ಅವರಿಗೆ ಹಿಂದಿ ಬಾರದು, ಇವರಿಗೆ ಕನ್ನಡ ಬಾರದು. ಇಬ್ಬರಿಗೂ ಏನೂ ಅನುಮಾನ ಬರಲಿಲ್ಲ.

ನಾನು ಯಲವಿಗಿ ಮುಟ್ಟಿದಾಗ ಹಂದರದ ಮುಂದೆ ರಾಜಸ್ಥಾನದ ಹೆಣ್ಣುಮಕ್ಕಳು ಬುಗುರಿಯಂತೆ ತಿರುಗುತ್ತಿದ್ದರು. ಅಜ್ಜಿಯರು ದೃಷ್ಟಿ ತೆಗೆಯುತ್ತಿದ್ದರು. ನಿಜವಾದ ಬ್ಯಾಂಡಿನವರು ಮುಂದಿನ ರೈಲಿಗೆ ಬಂದು ಒಂದು ಮೂಲೆಯಲ್ಲಿ ಮುಖ ಊದಿಸಿಕೊಂಡು ಹುಗ್ಗಿ ತಿನ್ನುತ್ತಿದ್ದರು.

"ಯಜಮಾನ್ರ, ತಪ್ಪಾಗೈತ್ರಿ. ಇವರು ಸರಕಾರದ ಮಂದಿ" ಎಂದೆ.

ಫಕ್ಕೀರಪ್ಪನವರು ತಲೆಯ ಪಟಕಾ ಸರಿಮಾಡಿಕೊಂಡು ಹೇಳಿದರು: "ಬಾಯಾರ, ಸರಕಾರ ನಮ್ಮ ಊರಿಗೆ ಕಳಿಸಿದ್ದು ಒಂದೂ ಸರಿ ಜಾಗಾಕ್ಕ ಬಂದಿದ್ದಿಲ್ಲ. ಇದೊಂದ ಬಂದೈತಿ. ಹೆಂಗ ಬಿಡ್ಲಿ?"

"ಸಂಜಿಕ ಸವಣೂರಾಗ ಕಾರ್ಯಕ್ರಮ ಐತ್ರಿ. ಇವರಿಲ್ಲಂದ್ರ ನನ್ನ ನೌಕರಿ ಹೋಗ್ತೈತ್ರಿ."

"ಅಕ್ಕಿಕಾಳು ಬೀಳ್ಲಿ. ಊಟ ಆಗ್ಲಿ. ನೀವೂ ಕುಂಡ್ರಿ. ಆಮ್ಯಾಲ ಕಳಸ್ತೇನಿ. ಆದ್ರ ನಮ್ಮ ಬೀಗರು ಇನ್ನೂ ಪೂರಾ ನೋಡಿಲ್ಲ. ಅವರು ಸುಮ್ನ ಇರೂದಿಲ್ಲ."

"ಹಂಗಾರ ಬೀಗರನ್ನೂ ಕರಕೊಂಡ ಬರ್ರಿ" ಎಂದು ನಾನು ಬಾಯಿ ತಪ್ಪಿ ಅಂದುಬಿಟ್ಟೆ.

ನಮ್ಮ ಕಡೆ ಕರೆದರೆ ಬರುತ್ತಾರೆ. ಸಂಜೆ ಸವಣೂರಿನ ಮೈದಾನಕ್ಕೆ ಟ್ರ್ಯಾಕ್ಟರುಗಳ ಸಾಲು ಬಂತು. ಬೀಗರು, ಬಿಜ್ಜರು, ಬ್ಯಾಂಡಿನವರು, ಬಾಸಿಂಗ ಕಟ್ಟಿದ ಮದುಮಕ್ಕಳು. ಗಣ್ಯರಿಗೆಂದು ಹಾಕಿದ್ದ ಮೊದಲ ಸಾಲಿನ ಕುರ್ಚಿಗಳು ಖಾಲಿಯಿದ್ದವು. ಗಣ್ಯರೆಲ್ಲ ಬೇರೆ ಬೇರೆ ಮದುವೆಗಳಿಗೆ ಹೋಗಿದ್ದರು. ಫಕ್ಕೀರಪ್ಪನವರು ಸಂಕೋಚವಿಲ್ಲದೆ ಮದುಮಕ್ಕಳನ್ನು ಅಲ್ಲಿ ಕೂರಿಸಿದರು.

ಅಂಗಡಿ ಸಾಹೇಬರು ಸನ್ಮಾನದ ಶಾಲುಗಳನ್ನು ಹಿಡಿದು ವೇದಿಕೆಗೆ ಬಂದವರು ಹೌಹಾರಿದರು. "ಜುಬೇದಾ, ಇವರು ಯಾರು?"

"ಇವತ್ತಿನ ಮುಖ್ಯ ಅತಿಥಿಗಳ್ರಿ ಸರ್. ಮುಂಜಾನಿ ಅಷ್ಟ ಲಗ್ನ ಆಗೈತಿ."

ಅಷ್ಟರಲ್ಲಿ ಜನ ಚಪ್ಪಾಳೆ ತಟ್ಟತೊಡಗಿದ್ದರು. ಬ್ಯಾಂಡಿನವರು ಮೂಲೆಯಿಂದ ತುತ್ತೂರಿ ಊದಿದರು. ಸಾಹೇಬರಿಗೆ ಬೇರೆ ದಾರಿಯಿರಲಿಲ್ಲ. ಮದುಮಕ್ಕಳಿಗೆ ಶಾಲು ಹೊದಿಸಿ, ಮೈಕಿನ ಮುಂದೆ ನಿಂತು, "ಇಬ್ರೂ ನಕ್ಕೋತ ಇರ್ರಿ. ಸಿಟ್ಟು ಬಂದಾಗ ಇವತ್ತಿನ ಕುಣಿತ ನೆನಸ್ಕೋರಿ" ಎಂದಷ್ಟೇ ಹೇಳಿ ಕುಳಿತರು. ಅವರು ಮಾಡಿದ ಭಾಷಣಗಳಲ್ಲೆಲ್ಲ ಅದೇ ಶ್ರೇಷ್ಠ ಎಂದು ನಾನು ಇಂದಿಗೂ ಹೇಳುತ್ತೇನೆ. ಮದುಮಗಳು ಸೆರಗಿನ ಮರೆಯಲ್ಲಿ ನಗುತ್ತ ಅಳುತ್ತಿದ್ದಳು.

ಆದರೆ ಮರುದಿನ ಕಚೇರಿಯಲ್ಲಿ ಸಾಹೇಬರ ಮುಖ ಗಂಟಿಕ್ಕಿತ್ತು. "ಇದು ಸರಕಾರಿ ಕಾರ್ಯಕ್ರಮನೋ, ಬೀಗರ ಊಟನೋ? ಸಾಕು. ಬರೋ ವರ್ಷದಿಂದ ಸಭಾಂಗಣ. ಮ್ಯಾಲಿನ ಕಚೇರಿಯಿಂದ ಮೇಡಂ ಹಾನಗಲ್ಲಿನ ಕಾರ್ಯಕ್ರಮಕ್ಕ ಬರಾಕತ್ತಾರ. ಅಲ್ಲೇ ಒಪ್ಪಿಗಿ ತಗೋತೇನಿ. ಇದ ಕಡೀ ಬಯಲು."

ಈ ಸಲ ನನಗೆ "ಮುಂದಿನ ವರ್ಷ ನೋಡೂಣ್ರಿ" ಎನ್ನಲು ಆಗಲಿಲ್ಲ. ಮನೆಗೆ ಹೋಗಿ ಉಣ್ಣದೆ ಮಲಗಿದೆ. ಶಿಗ್ಗಾಂವಿಯ ಆ ಯಜಮಾನರು ಆಮಂತ್ರಣ ಪತ್ರ ಹಿಡಿದು ಬಸ್ಸು ಹತ್ತಿ ಜಿಲ್ಲಾ ಕೇಂದ್ರದ ಸಭಾಂಗಣಕ್ಕೆ ಬರುತ್ತಾರೆಯೇ? ತಾಂಡಾದ ಹೆಣ್ಣುಮಕ್ಕಳನ್ನು ಬಾಗಿಲಲ್ಲಿ ನಿಂತವನು ಒಳಗೆ ಬಿಡುತ್ತಾನೆಯೇ? ನಾನು ಸಿಟ್ಟಾಗುವವಳಲ್ಲ. ಅಂದು ಸಿಟ್ಟು ಬಂದಿತ್ತು.

ಹಾನಗಲ್ಲಿನಲ್ಲಿ ಅಕ್ಕಿಆಲೂರು ರಸ್ತೆಯ ಬದಿಯ ಮೈದಾನ. ಮುಂಡಗೋಡದ ಕ್ಯಾಂಪಿನ ಟಿಬೆಟನ್ ತಂಡ. ದೂರದೇಶದ ಸಂಸ್ಕೃತಿ ಎಂದು ಸಾಹೇಬರು ಬಹಳ ತಯಾರಿ ಮಾಡಿಕೊಂಡಿದ್ದರು. ಟೆಂಪೊದಿಂದ ಇಳಿದ ತಂಡದ ನಾಯಕಿ ಡೋಲ್ಮಾಳಿಗೆ ಕೈಮುಗಿದು, ಒಂದೊಂದೇ ಶಬ್ದ ಬಿಡಿಸಿ, "ವೆಲ್‌ಕಮ್... ಟು... ಹಾನಗಲ್" ಎಂದರು.

ಆಕೆ ಕಣ್ಣು ಕಿರಿದು ಮಾಡಿ ನೋಡಿದಳು. "ಅರಾಮ ಅದೀರೇನ್ರಿ ಸಾಹೇಬ್ರ? ಹೋದ ಥಂಡ್ಯಾಗ ನನ್ನ ಹಂತೇಕ ಮಫ್ಲರ್ ತಗೊಂಡ್ರಿ. ಎಷ್ಟ ಚೌಕಾಸಿ ಮಾಡಿದ್ರಿ ನೀವು! ನಾ ಮರತಿಲ್ಲ ನೋಡ್ರಿ."

ಚಳಿಗಾಲದಲ್ಲಿ ನಮ್ಮ ಊರುಗಳ ರಸ್ತೆ ಬದಿ ಸ್ವೆಟರ್ ಮಾರುವವರು ಇವರೇ. ಮೈದಾನದಲ್ಲಿ ಸುದ್ದಿ ಹಬ್ಬಿತು: "ಅಯ್ಯ, ಸ್ವೆಟರ್ ಅಕ್ಕ ಕುಣೀತಾಳಂತ!" ಹೆಣ್ಣುಮಕ್ಕಳೆಲ್ಲ ಮುಂದೆ ಬಂದು ಕುಳಿತರು. ಮೇಲಿನ ಕಚೇರಿಯ ಮೇಡಂ ಬೆಂಗಳೂರಿನ ಕಡೆಯವರು. ಮೊದಲ ಸಾಲಿನಲ್ಲಿ ನೆಟ್ಟಗೆ ಕುಳಿತರು. ಪಕ್ಕದಲ್ಲಿ ಸಾಹೇಬರು, ಕೈವಸ್ತ್ರ ಹಾಸಿಕೊಂಡು.

ಮೊದಲ ಹಾಡು ಇನ್ನೂ ಅರ್ಧಕ್ಕಿತ್ತು. ಪಶ್ಚಿಮದಿಂದ ಧೂಳಿನ ಗಾಳಿ ಎದ್ದಿತು. ವೇದಿಕೆಯ ಹಿಂದಿನ ಬ್ಯಾನರು ಹರಿದು ಪಟಪಟ ಹಾರಿಹೋಯಿತು. ಕರೆಂಟು ಹೋಯಿತು, ಮೈಕು ಸತ್ತಿತು. ಹೊತ್ತು ಮುಳುಗಿ ಮಬ್ಬು ಕವಿದಿತ್ತು. ಮಾಬುಸಾಬ ಜನರೇಟರಿಗೆ ಹಗ್ಗ ಸುತ್ತಿ ಎಳೆದು ಎಳೆದು ಸೋತ. "ಮೇಡಂ, ಚಾಲೂ ಆಗವಲ್ದ್ರಿ!" ಜನ ಚಾಪೆ ಸುತ್ತಿಕೊಂಡು ಏಳತೊಡಗಿದರು.

ಸಾಹೇಬರು ಮೇಡಂ ಕಡೆ ಬಾಗಿ, "ನೋಡಿದ್ರ್ಯಾ ಮೇಡಂ? ಇದಕ್ಕ ನಾ ಹೇಳೂದು" ಎಂದದ್ದು ನನಗೆ ಕೇಳಿಸಿತು. ಮುಗಿಯಿತು ಎಂದುಕೊಂಡೆ.

ಡೋಲ್ಮಾ ವೇದಿಕೆಯಿಂದ ಕೆಳಕ್ಕೆ ಜಿಗಿದಳು. ಮೈಕು ಅವಳಿಗೆ ಬೇಕಾಗಿಯೇ ಇರಲಿಲ್ಲ. ಸಂತೆಯಲ್ಲಿ ಕೂಗಿ ಪಳಗಿದ ಗಂಟಲು. "ಎಲ್ಲಿ ಹೊಂಟ್ರಿ? ಕುಂಡ್ರಿ... ಅಲ್ಲ, ಏಳ್ರಿ! ಕೈ ಹಿಡೀರಿ! ನಮ್ಮದು ಗುಂಡಕ ನಿಂತು ಕುಣಿಯೂ ಹಾಡು, ಕರೆಂಟ್ ಬೇಕಾಗಿಲ್ಲ."

"ನಮಗ ಬರೂದಿಲ್ಲವಾ!" ಎಂದಳು ಒಬ್ಬಾಕೆ.

"ಗದ್ದ್ಯಾಗ ಭತ್ತದ ಸಸಿ ಹಚ್ಚೂವಾಗ ಹೆಂಗ ಹಿಂದಕ ಸರೀತೀರಿ? ಹಂಗ. ಎರಡ ಹೆಜ್ಜಿ ಬಾಜೂಕ, ಒಂದ ಹಿಂದಕ, ಕಾಲು ಕುಟ್ಟರಿ. ಸ್ವೆಟರ್ ಹಾಕ್ಕೊಳಾಕ ಬರ್ತೈತಿ, ಇದು ಬರೂದಿಲ್ಲೇನು?"

ತಂಡದ ಮುದುಕನೊಬ್ಬ ಉದ್ದ ಕತ್ತಿನ ತಂತಿವಾದ್ಯ ಮೀಟತೊಡಗಿದ. ಹತ್ತಿಪ್ಪತ್ತು ಹೆಣ್ಣುಮಕ್ಕಳು ನಗುತ್ತ ಕೈಹಿಡಿದರು. ಹಿಂದಿನಿಂದ ಗಂಡಸರು ಸೇರಿದರು. ಸುತ್ತು ದೊಡ್ಡದಾಯಿತು. ಕುರ್ಚಿಗಳನ್ನು ಆಚೆ ಎಸೆದರು. ಮೇಡಂ ಎರಡೂ ಚಪ್ಪಲಿಗಳನ್ನು ಬಿಚ್ಚಿ ಇಟ್ಟು ಒಳಗೆ ನುಗ್ಗಿದ್ದನ್ನು ನಾನು ಕಣ್ಣಾರೆ ಕಂಡೆ. ಅವರು ನುಗ್ಗಿದ ಮೇಲೆ ಸಾಹೇಬರು ಹೊರಗೆ ನಿಲ್ಲುವುದು ಹೇಗೆ? ಒಂದು ಕಡೆ ಕಾಯಿಪಲ್ಲೆ ಮಾರುವ ಅಜ್ಜಿ, ಇನ್ನೊಂದು ಕಡೆ ಡೋಲ್ಮಾ ಅವರ ಕೈ ಹಿಡಿದುಕೊಂಡರು. ಅಜ್ಜಿಯ ಹಿಡಿತದಿಂದ ಬಿಡಿಸಿಕೊಳ್ಳುವುದು ಯಾರಿಂದಲೂ ಸಾಧ್ಯವಿರಲಿಲ್ಲ. ನಾನೂ ಸೇರಿದೆ. ಇಷ್ಟು ವರ್ಷ ಮಂದಿಯನ್ನು ಕುಣಿಸಿದವಳು, ಕುಣಿದದ್ದು ಅದೇ ಮೊದಲು.

ಸುತ್ತು ಮೈದಾನದಲ್ಲಿ ಹಿಡಿಯದೆ ರಸ್ತೆಗೆ ಬಂತು. ಅಕ್ಕಿಆಲೂರಿನಿಂದ ಬರುತ್ತಿದ್ದ ಬಸ್ಸು ನಿಲ್ಲಬೇಕಾಯಿತು. ಕಂಡಕ್ಟರ್ ಸಿಳ್ಳೆ ಊದುತ್ತ, "ಏ, ಸರೀರಿ!" ಎನ್ನುತ್ತ ಇಳಿದವನು, ಯಾರೋ ಕೈ ಹಿಡಿದೆಳೆದದ್ದೇ, ಸಿಳ್ಳೆ ಬಾಯಲ್ಲಿದ್ದಂತೆಯೇ ಹೆಜ್ಜೆ ಹಾಕತೊಡಗಿದ. ಪ್ರಯಾಣಿಕರು ಒಬ್ಬೊಬ್ಬರಾಗಿ ಇಳಿದರು. ಡ್ರೈವರ್ ಬಸ್ಸನ್ನು ಮೈದಾನಕ್ಕೇ ತಿರುಗಿಸಿ ನಿಲ್ಲಿಸಿ ಎರಡೂ ದೀಪ ಹಚ್ಚಿದ. ಧೂಳೆಲ್ಲ ಬಂಗಾರದ ಬಣ್ಣಕ್ಕೆ ತಿರುಗಿತು.

ಹಾಡು ಮುಗಿದಾಗ ಎಲ್ಲರೂ ಏದುಸಿರು ಬಿಡುತ್ತಿದ್ದರು. ಸಾಹೇಬರ ಸಫಾರಿ ಬೆನ್ನಿಗೆ ಅಂಟಿತ್ತು. ತಲೆಗೂದಲಲ್ಲಿ ಧೂಳು, ಕೈವಸ್ತ್ರ ಎರಡೂ ಕಾಣೆ. ಕೈಯನ್ನು ಅಜ್ಜಿ ಇನ್ನೂ ಬಿಟ್ಟಿರಲಿಲ್ಲ.

ಮೇಡಂ ಚಪ್ಪಲಿ ಹುಡುಕುತ್ತ ಕೇಳಿದರು: "ಅಂಗಡಿಯವರೇ, ಅದೇನೋ ಸಭಾಂಗಣದ ಪ್ರಸ್ತಾವ ಇದೆ ಅಂದಿದ್ರಲ್ಲ, ಏನದು?"

ಸಾಹೇಬರು ನನ್ನನ್ನು ನೋಡಿದರು. ಬಸ್ಸನ್ನು ನೋಡಿದರು. ಉಸಿರು ಎಳೆದುಕೊಂಡು ಹೇಳಿದರು:

"ವಿಚಾರ ಮಾಡಿ ನೋಡಿದೆ ಮೇಡಂ. ಸಭಾಂಗಣದೊಳಗ ಬಸ್ ಹಿಡಿಯೂದಿಲ್ಲರಿ."